ಕಾಡಪ್ಪನಿಗೆ ಬೇಕಾಗಿದ್ದ ಸದ್ದು

ಗಂಗಾನಗರದ ನನ್ನ ಅಂಗಡಿಗೆ ಬರುವವರೆಲ್ಲ ಹೇಳುವುದು ಒಂದೇ ಮಾತು. ‘ಭಾಯ್, ಸೌಂಡ್ ಜೋರಾಗಿರ್ಬೇಕು, ಪಿಕಪ್ ಮಾತ್ರ ಕಮ್ಮಿ ಆಗ್ಬಾರ್ದು.’ ಮದುವೆ ಊಟ ಬೇಕು, ಹೊಟ್ಟೆ ಭಾರ ಆಗಬಾರದು ಅಂದ ಹಾಗೆ. ಬೈಕಿನ ಸೈಲೆನ್ಸರ್ ಬಿಚ್ಚಿ ಕಟ್ಟುವುದರಲ್ಲೇ ನನ್ನ ಗಡ್ಡ ಬೆಳ್ಳಗಾಗಿದೆ. ಹೊಗೆ ಹೋಗುವ ದಾರಿಯನ್ನು ಸುಮ್ಮನೆ ಅಗಲ ಮಾಡಿದರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ. ಒಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊದುಗೊಳವೆ ಸಣ್ಣಗಿದ್ದರೇನೇ ಉಸಿರಿಗೆ ಕಸುವು. ಈಗಿನ ಹುಡುಗರು ಊದುಗೊಳವೆ ಎಲ್ಲಿ ಕಂಡಿದ್ದಾರೆ? ಹೆಬ್ಬಾಳದ ಫ್ಲೈಓವರ್ ಮೇಲೆ ನಾಲ್ಕು ಜನ ತಿರುಗಿ ನೋಡಿದರೆ ಅವರ ಜನ್ಮ ಸಾರ್ಥಕ. ನಾನು ಬೈದುಕೊಂಡೇ ಕೆಲಸ ಮಾಡಿಕೊಡುತ್ತೇನೆ. ಮಿತಿ ಮೀರಿ ಕೇಳಿದರೆ ಬೈದು ಕಳಿಸುತ್ತೇನೆ.

ಕಾಡಪ್ಪನನ್ನೂ ಬೈದು ಕಳಿಸುವವನೇ ಇದ್ದೆ. ನಿವೃತ್ತಿಯ ಅಂಚಿನ ಮನುಷ್ಯ, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ಗಾಡಿ ಹಳೆಯದು, ಆದರೆ ಹಬ್ಬದ ಪಾತ್ರೆಯ ಹಾಗೆ ತೊಳೆದಿಟ್ಟಿದ್ದ. ಯಲಹಂಕದ ಹತ್ತಿರ ಅಟ್ಟೂರಿನಲ್ಲಿದ್ದ ಮನೆಯಿಂದ ಅಷ್ಟು ದೂರವೂ ಎರಡನೇ ಗೇರಿನಲ್ಲೇ ಬಂದಿದ್ದ ಅಂತ ಕಾಣುತ್ತದೆ. ಎಂಜಿನ್ನು ಕಿರುಚಿ ಕಿರುಚಿ ಸುಸ್ತಾಗಿತ್ತು.

“ಸಪ್ಪಳ ಜೋರ ಬರಬೇಕ್ರಿ,” ಅಂದ. “ಆದ್ರ ಗಾಡಿ ಎಳಿಯೂದು ಕಡಿಮಿ ಆಗಬಾರದು. ಹಿಂದ ನಮ್ಮಾಕಿ ಕೂಡತಾಳ.”

ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಈ ಪುಣ್ಯಾತ್ಮನಿಗೆ ಸ್ವಲ್ಪ ಮುಂಚೆಯೇ ಶುರುವಾಗಿದೆ ಅಂದುಕೊಂಡೆ.

“ಈ ವಯಸ್ಸಲ್ಲಿ ಯಾಕ್ ಬೇಕ್ರೀ ನಿಮ್ಗೆ ಈ ಶೋಕಿ?” ಅಂತ ಕೇಳಿಯೂ ಬಿಟ್ಟೆ.

ಅವನು ಬೇಸರ ಮಾಡಿಕೊಳ್ಳಲಿಲ್ಲ. ಹೆಂಡತಿ ದಾನವ್ವನಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತಂತೆ, ಮಾತೂ ನಿಂತಿತ್ತಂತೆ. ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ದಿನಾ ಸಂಜೆ ಬಾಗಿಲಿಗೆ ಬಂದು, ನಿಲ್ಲಿಸಿಟ್ಟ ಗಾಡಿಯನ್ನು ನೋಡುತ್ತಾ ನಿಲ್ಲುತ್ತಾಳೆ. ಮಗ ಶಿವಪ್ರಕಾಶ ಗಾಡಿ ಮಾರಿಬಿಡೋಣ ಅಂತ ಹಟ ಹಿಡಿದಿದ್ದಾನೆ.

“ಆಕೀನ ಮತ್ತ ಒಮ್ಮೆ ಹಿಂದ ಕೂಡಿಸ್ಕೊಂಡು ಹೋಗಬೇಕ್ರಿ. ಅಷ್ಟ,” ಅಂದ.

ಹೆಂಡತಿಯನ್ನು ಕೂರಿಸಿಕೊಳ್ಳುವುದಕ್ಕೂ ಸದ್ದಿಗೂ ಏನು ಸಂಬಂಧ ಅಂತ ನನಗೆ ತಿಳಿಯಲಿಲ್ಲ. ಕೇಳುವ ತಾಳ್ಮೆಯೂ ಇರಲಿಲ್ಲ. ಅವನ ಹಳೇ ಸೈಲೆನ್ಸರನ್ನು ಬಿಚ್ಚಿ ಮೂಲೆಯ ರಾಶಿಗೆ ಹಾಕಿದೆ. ಒಳಗೆ ಉದ್ದದ ತೂತುಗೊಳವೆ ಇರುವ ಒಂದನ್ನು ಹುಡುಕಿ ಹಾಕಿಕೊಟ್ಟೆ. ಸದ್ದು ದಪ್ಪಗಾಗುತ್ತದೆ, ಎಳೆತ ಕೆಡುವುದಿಲ್ಲ. ಕಾರ್ಬ್ಯುರೇಟರಿನ ತಿರುಪನ್ನೂ ಅದಕ್ಕೆ ತಕ್ಕಂತೆ ತಿರುಗಿಸಿದೆ. ಒಳ್ಳೆ ಕೆಲಸ, ನಾನೇ ಹೇಳಿಕೊಳ್ಳಬೇಕು.

ಎರಡು ದಿನ ಬಿಟ್ಟು ಮತ್ತೆ ಬಂದ. “ಸಪ್ಪಳ ಇನ್ನೂ ಸಾಲವಲ್ದು ನೋಡ್ರಿ.”

ಸದ್ದು ಹೀರಲಿ ಅಂತ ಸೈಲೆನ್ಸರಿನೊಳಗೆ ತುರುಕಿರುವ ಗ್ಲಾಸ್ ವುಲ್ ತೆಗೆದು ಗಾಡಿ ಶುರು ಮಾಡಿದೆ. ಪಕ್ಕದ ಟೀ ಅಂಗಡಿಯವನು ಹೊರಗೆ ಬಂದು ಕೈ ಮುಗಿದ. ಕಾಡಪ್ಪ ಒಂದು ಸುತ್ತು ಹೋಗಿ ಬಂದು, “ಇನ್ನೂ ಒಂಚೂರು,” ಅಂದ. ನಾನು ಗಾಡಿಯ ಪಕ್ಕ ಕೂತು ನಟ್ಟು ಬಿಗಿಯುತ್ತಾ, ಅವನಿಗೆ ಬೆನ್ನು ಮಾಡಿಕೊಂಡೇ, “ಇದಕ್ಕಿಂತ ಜೋರು ಮಾಡಿದ್ರೆ ಪೊಲೀಸ್ನೋರು ಕಿತ್ಕೊಂಡು ರೋಡ್ ರೋಲರ್ ಹತ್ತಿಸ್ತಾರೆ, ಗೊತ್ತಾ?” ಅಂದೆ. ಉತ್ತರವಿಲ್ಲ. ಮತ್ತೆ ಹೇಳಿದೆ. ಉತ್ತರವಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತಲ್ಲ ಅಂತ ರೇಗಿ ಸ್ಪ್ಯಾನರನ್ನು ನೆಲಕ್ಕೆ ಎಸೆದೆ. ಕಬ್ಬಿಣ ಕಲ್ಲಿಗೆ ಬಡಿದ ಶಬ್ದಕ್ಕೆ ಬೀದಿನಾಯಿ ಎದ್ದು ಓಡಿತು. ಕಾಡಪ್ಪ ಕಣ್ಣು ಮಿಟುಕಿಸಲಿಲ್ಲ. ಸುಮ್ಮನೆ ರಸ್ತೆ ನೋಡುತ್ತಾ ನಿಂತಿದ್ದ.

ಎದ್ದು ಅವನ ಎದುರಿಗೆ ಹೋಗಿ ನಿಂತೆ. ಅವನ ಕಣ್ಣು ತಕ್ಷಣ ನನ್ನ ಬಾಯಿಗೆ ಬಂದು ನೆಟ್ಟಿತು. ಮೊದಲ ದಿನದಿಂದಲೂ ಹೀಗೇ ನೋಡುತ್ತಿದ್ದ. ಎಲೆ ಅಡಿಕೆ ಹಾಕಿದ ನನ್ನ ಹಲ್ಲು ನೋಡಿ ಅಸಹ್ಯಪಡುತ್ತಿದ್ದಾನೆ ಅಂತ ನಾನು ತಿಳಿದಿದ್ದೆ.

“ನಿಮ್ಗೆ ಕಿವಿ ಕೇಳಲ್ವಾ?” ಅಂತ ತುಟಿಯಷ್ಟೇ ಆಡಿಸಿದೆ, ದನಿ ಹೊರಡಿಸದೆ.

ಕಾಡಪ್ಪ ತಲೆ ತಗ್ಗಿಸಿದ. “ಇಲ್ರಿ,” ಅಂದ.

ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸಿದೆ. ಬಾಗಲಕೋಟೆ ಕಡೆಯಿಂದ ಬಂದವನು, ಬಂದಾಗಿನಿಂದ ಯಶವಂತಪುರದ ಆಚೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಕೆಂಪಗೆ ಕಾದ ಕಬ್ಬಿಣದ ಮೇಲೆ ಆಳೆತ್ತರದ ಸುತ್ತಿಗೆ ಬೀಳುವ ಶೆಡ್ಡು ಅದು. ಅಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ತುಟಿ ನೋಡಿಯೇ ಮಾತು, ಕೈ ನೋಡಿಯೇ ಜಗಳ, ತಮಾಷೆ. ಹಾಗಾಗಿ ಕಿವಿ ಯಾವಾಗ ಹೋಯಿತು ಅನ್ನುವುದೂ ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ಮೊದಲು ಕಂಡುಹಿಡಿದವಳು ದಾನವ್ವ. ಯಲಹಂಕ ಸಂತೆಯಿಂದ ಬರುವಾಗ ಹಿಂದಿನ ಲಾರಿ ಹಾರ್ನ್ ಮೇಲೆ ಹಾರ್ನ್ ಹೊಡೆದರೂ ಇವನು ದಾರಿ ಬಿಡಲಿಲ್ಲವಂತೆ. ಅವಳು ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಮಾರನೆಯ ಸಲದಿಂದ ಹಿಂದೆ ಕೂತು ತಟ್ಟುವುದಕ್ಕೆ ಶುರು ಮಾಡಿದಳು. ಬಲಭುಜಕ್ಕೆ ತಟ್ಟಿದರೆ ಬಲಗಡೆ ಗಾಡಿ ಬರುತ್ತಿದೆ ಅಂತ, ಎಡಕ್ಕೆ ತಟ್ಟಿದರೆ ಎಡಗಡೆ. ಎಂಜಿನ್ನು ಒದ್ದಾಡಿದರೆ ಬೆನ್ನ ನಡುವೆ ಒಂದು ಗುದ್ದು, ಅಂದರೆ ಗೇರು ಬದಲಿಸು ಅಂತ. ಹಿಂದೆ ಮುಂದೆ ಗಾಡಿ ಬಂದರೆ ತಾನೇ ಎಚ್ಚರಿಸುವ ಸೆನ್ಸರು ಅಂತ ಈಗ ಏನೇನೋ ಬಂದಿವೆ. ದಾನವ್ವನ ಕೈಗೆ ಅವು ಯಾವುವೂ ಸಮ ಅಲ್ಲ.

“ಮನಿಯಾಗ ನಾ ಆಕಿ ಮಾರಿ ನೋಡಿ ಮಾತು ತಿಳ್ಕೊಂತಿದ್ದೆ,” ಅಂದ ಕಾಡಪ್ಪ. “ಲಕ್ವಾ ಹೊಡದ ಮ್ಯಾಲ ತುಟಿ ಸೊಟ್ಟ ಆಗ್ಯಾವ್ರಿ. ಆಕಿ ಹೇಳಾಕ ಬರಾಂಗಿಲ್ಲ, ನನಗ ಕೇಳಾಂಗಿಲ್ಲ. ಇಬ್ರೂ ಎದುರಾಬದುರಾ ಕುಂದರತೀವಿ.”

ನನಗೆ ತಡೆಯಲಾಗಲಿಲ್ಲ, ಟೀ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಅವನ ಲೆಕ್ಕಾಚಾರ ಹೀಗಿತ್ತು. ದಾನವ್ವನಿಗೆ ಉಳಿದಿರುವುದು ಎಡಗೈ ಒಂದೇ. ಬೀಳದ ಹಾಗೆ ಅದರಲ್ಲಿ ಸೀಟಿನ ಕಂಬಿ ಹಿಡಿಯಬೇಕು. ಮತ್ತೆ ತಟ್ಟುವುದು ಯಾವುದರಲ್ಲಿ? ಗೇರು ತಪ್ಪಿ ಗಾಡಿ ಒಂದು ಸಲ ಜಗ್ಗಿದರೂ ಅವಳು ಬಿದ್ದಾಳು. ಎಂಜಿನ್ ಸದ್ದು ತನ್ನ ಸತ್ತ ಕಿವಿಗೂ ತಾಕುವಷ್ಟು ಜೋರಾದರೆ ಗೇರು ಯಾವಾಗ ಬದಲಿಸಬೇಕು ಅಂತ ತನಗೇ ತಿಳಿಯುತ್ತದೆ, ಅವಳು ತಟ್ಟುವ ಪ್ರಮೇಯವೇ ಇರುವುದಿಲ್ಲ. ಸುಮ್ಮನೆ ಕೂತರೆ ಸಾಕು. ಎಳೆತ ಕಡಿಮೆಯಾದರೆ ಏರಿನಲ್ಲಿ ಮತ್ತೆ ಅದೇ ಜಗ್ಗಾಟ. ಅದಕ್ಕೇ ಎರಡೂ ಬೇಕಾಗಿತ್ತು.

“ರಸ್ತೆ ಮೇಲೆ ಹಾರ್ನ್ ಯಾರ್ರೀ ಕೇಳಿಸ್ಕೊಳೋದು? ನೀವಾ?” ಅಂತ ಕೂಗಿದೆ, ಅವನಿಗೆ ಕೇಳುವುದಿಲ್ಲ ಅನ್ನುವುದನ್ನೂ ಮರೆತು. “ಆ ಯಮ್ಮನ್ನ ಕೊಂದ್ಬಿಡ್ತೀರಾ. ಆಗಲ್ಲ. ಇನ್ನೊಂದು ತೂತೂ ಹೊಡೆಯಲ್ಲ ನಾನು.”

ಅವನು ಜಗಳಕ್ಕೆ ಬರಲಿಲ್ಲ. “ಭಾನುವಾರ ಆಕೀನ ಕರ್ಕೊಂಡು ಬರತೀನ್ರಿ. ಆಕಿ ಬ್ಯಾಡ ಅಂದ್ರ ಮಗಗ ಕೀಲಿ ಕೊಟ್ಟಬಿಡತೀನಿ,” ಅಂದ. ಗಾಡಿಯನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಬಸ್ಸಿಗೆ ಹೋದ.

ಭಾನುವಾರ ಮಧ್ಯಾಹ್ನ ಆಟೋದಲ್ಲಿ ಬಂದರು. ಶಿವಪ್ರಕಾಶ ಬಂದಿದ್ದು ತಾಯಿಯನ್ನು ಹಿಡಿದುಕೊಳ್ಳಲಿಕ್ಕೆ ಒಂದು, ನನ್ನನ್ನು ದಬಾಯಿಸಲಿಕ್ಕೆ ಇನ್ನೊಂದು. “ವಯಸ್ಸಾದೋರ ತಲೆ ಕೆಡಿಸ್ತೀರಲ್ರೀ,” ಅಂದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ದಾನವ್ವ ಸಣ್ಣ ದೇಹದ ಹೆಂಗಸು. ಇಳಕಲ್ ಸೀರೆ ಉಟ್ಟಿದ್ದಳು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಗಾಡಿ ಕಂಡದ್ದೇ ಅವಳ ಮುಖದ ಆರೋಗ್ಯವಾಗಿದ್ದ ಅರ್ಧ ನಕ್ಕಿತು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನಾನೂ ಶಿವಪ್ರಕಾಶನೂ ಅವಳನ್ನು ಹಿಂದೆ ಕೂರಿಸಿದೆವು. ಕಾಡಪ್ಪ ಮುಂದೆ ಕೂತು ಕಿಕ್ ಹೊಡೆದ. ಇಡೀ ಬೀದಿಗೆ ಕೇಳುವಂತೆ ಗಾಡಿ ಗುಡುಗಿತು. ಅವನ ಮುಖ ಅರಳಿತು. ಅಷ್ಟು ಸದ್ದಿನಲ್ಲಿ ಅವನಿಗೂ ಏನೋ ಒಂದು ತಾಕಿರಬೇಕು.

ದಾನವ್ವ ಕಂಬಿ ಬಿಟ್ಟು ಎಡಗೈಯಿಂದ ಕಿವಿ ಮುಚ್ಚಿಕೊಂಡಳು.

ಹೆದರಿಕೊಂಡಳು ಅಂದುಕೊಂಡು ನಾನು ಮುಂದೆ ಹೋದೆ. ಅವಳಿಗೆ ಹೆದರಿಕೆ ಆಗಿರಲಿಲ್ಲ, ಸಿಟ್ಟು ಬಂದಿತ್ತು. ಗಂಡನ ಕಿವಿಯನ್ನು ಮುಟ್ಟಿ ಕೈಯಾಡಿಸಿ ಇಲ್ಲ ಅಂದಳು. ತನ್ನ ಕಿವಿಯನ್ನು ಮುಟ್ಟಿ ಇದೆ ಅಂತ ತಲೆಯಾಡಿಸಿದಳು. ಆಮೇಲೆ ಗುಡುಗುತ್ತಿದ್ದ ಸೈಲೆನ್ಸರಿನ ಕಡೆಗೆ ಬೆರಳು ಮಾಡಿ ಮತ್ತೆ ತನ್ನ ಕಿವಿ ಮುಚ್ಚಿ ತೋರಿಸಿದಳು. ಮುಂದೆ ಕೂತಿದ್ದ ಕಾಡಪ್ಪನೂ ಕತ್ತು ತಿರುಗಿಸಿ ನೋಡಿದ. ಗಂಡ ಹೆಂಡತಿ ಇಬ್ಬರ ನಡುವೆ ಇರುವುದೇ ಒಂದು ಜೊತೆ ಕಿವಿ, ಅದೂ ಅವಳದು. ಅದನ್ನೇ ಈ ಗಲಾಟೆಯಲ್ಲಿ ಮುಳುಗಿಸಿದ್ದೆವು. ಅವಳಿಗೆ ಹಾರ್ನ್ ಕೇಳದಿದ್ದರೆ ಇನ್ನು ಯಾರಿಗೆ ಕೇಳಬೇಕು? ಕಾಡಪ್ಪನಿಗೂ ಹೊಳೆದಿರಲಿಲ್ಲ, ಸದ್ದಿನ ವ್ಯಾಪಾರ ಮಾಡುವ ನನಗೂ ಹೊಳೆದಿರಲಿಲ್ಲ.

ದಾನವ್ವ ಮೂಲೆಯ ರಾಶಿಯಲ್ಲಿ ಬಿದ್ದಿದ್ದ ಹಳೇ ಸೈಲೆನ್ಸರನ್ನು ತೋರಿಸಿದಳು. ಅವಳನ್ನು ಕೆಳಗಿಳಿಸಿ, ನಾನು ಅದನ್ನೇ ತಂದು ಹಾಕಿದೆ.

ಇನ್ನು ಉಳಿದದ್ದು ಅವಳ ಕೈಯ ಪ್ರಶ್ನೆ. ಸೀಟಿನ ಹಿಂದೆ ಬೆನ್ನಿಗೆ ಆಸರೆಯಾಗಿ ಎರಡು ಕಂಬಿ ಬಾಗಿಸಿ ವೆಲ್ಡ್ ಮಾಡಿದೆ, ಎರಡೂ ಪಕ್ಕಕ್ಕೆ ತೋಳು ಕೊಟ್ಟೆ, ಸೊಂಟಕ್ಕೆ ಅಗಲದ ಪಟ್ಟಿ ಹಾಕಿದೆ. ಮಕ್ಕಳ ಕುರ್ಚಿಯ ಹಾಗೆ ಕಾಣುತ್ತಿತ್ತು. ಕಾಣಲಿ. ಶಿವಪ್ರಕಾಶ ಅಲುಗಾಡಿಸಿ, ಎಳೆದು, ಜೋತುಬಿದ್ದು ನೋಡಿದ. “ಲೇಔಟ್ ಒಳಗಿನ ರೋಡಲ್ಲಿ ಮಾತ್ರ. ಮೇನ್ ರೋಡಿಗೆ ಹೋದ್ರೆ ಮಾರೇಬಿಡ್ತೀನಿ,” ಅಂತ ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಧಾನಕ್ಕೆ ಹೇಳಿದ. ಕಾಡಪ್ಪ ತಲೆಯಾಡಿಸಿದ.

ದಾನವ್ವನನ್ನು ಮತ್ತೆ ಕೂರಿಸಿ ಪಟ್ಟಿ ಬಿಗಿದೆವು. ಸ್ಟ್ಯಾಂಡಿನ ಮೇಲಿದ್ದ ಹಾಗೆಯೇ ಕಾಡಪ್ಪ ಗಾಡಿ ಶುರು ಮಾಡಿದ. ಈಗ ಎಂಜಿನ್ನು ಮೆತ್ತಗೆ ಗುನುಗುತ್ತಿತ್ತು, ಆಚೆ ರಸ್ತೆಯ ಆಟೋಗಳ ಹಾರ್ನೂ ಕೇಳುತ್ತಿತ್ತು. ದಾನವ್ವ ತಲೆ ಓರೆ ಮಾಡಿ ಆಲಿಸಿದಳು. ಎಡಗೈ ನಿಧಾನಕ್ಕೆ ಮೇಲೆದ್ದು ಗಂಡನ ಬೆನ್ನ ನಡುವೆ ಒಂದು ಗುದ್ದು ಹಾಕಿತು. ಅವನು ಗೇರು ಬದಲಿಸಿದ. ಹಿಂದಿನ ಗಾಲಿ ಗಾಳಿಯಲ್ಲಿ ತಿರುಗಿತು. ಇನ್ನೊಂದು ಗುದ್ದು, ಇನ್ನೊಂದು ಗೇರು.

ಪರವಾಗಿಲ್ಲ, ಸಾಕು, ಆಫ್ ಮಾಡಿ ಅಂತ ನಾನು ಕೈ ತೋರಿಸಿದೆ. ಕಾಡಪ್ಪ ಆಫ್ ಮಾಡಿದ. ದಾನವ್ವನ ಕೈ ಮಾತ್ರ ನಿಲ್ಲಲಿಲ್ಲ. ಭುಜಕ್ಕೆ, ಬೆನ್ನಿಗೆ, ಕತ್ತಿನ ಹತ್ತಿರಕ್ಕೆ, ಒಮ್ಮೆ ಮೆಲ್ಲಗೆ ಒಮ್ಮೆ ಜೋರಾಗಿ, ತಟ್ಟುತ್ತಲೇ ಇದ್ದಳು. ಅದರಲ್ಲಿ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ, ಗೇರೂ ಇರಲಿಲ್ಲ. ಶಿವಪ್ರಕಾಶ ಗಾಬರಿಯಿಂದ, “ಅವ್ವಾ, ಏನಾತು?” ಅಂತ ಹತ್ತಿರ ಹೋದ.

ಕಾಡಪ್ಪ ಮುಂದಕ್ಕೇ ನೋಡುತ್ತಾ ಕೈಯೆತ್ತಿ ಮಗನನ್ನು ತಡೆದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

“ತಡಿಯೋ,” ಅಂದ. “ನಿಮ್ಮವ್ವ ಮಾತಾಡಾಕತ್ತಾಳ.”