ಕಾರಿಗಾಗಿ ಕಾದ ಬುತ್ತಿ

ಗೆಳೆಯರೇ, ಗಾಲಿ ಬಂದ ಮನೆಗೆ ಊರುಗಳೆಲ್ಲ ಹತ್ತಿರ ಎನ್ನುವಂಥ ಸಾಲೊಂದನ್ನು ಎಲ್ಲೋ ಓದಿದ್ದೆ, ಪೂರ್ತಿ ನೆನಪಿಲ್ಲ. ಅದು ನಿಜವೇ ಎಂಬ ಅನುಮಾನ ಇವತ್ತು ಬಂತು.

ರೋಣದ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರಕ್ಕೆ ಒಂದೇ ಕಾರು. ಅದು ಬರುವ ಮುಂಚೆ ನೆಗೆಣ್ಣಿ ಗಂಗವ್ವ ಪ್ರತಿ ಸೋಮವಾರ ಬಸ್ಸಿನಲ್ಲಿ ನರಗುಂದಕ್ಕೆ ಹೋಗಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿ ಬರುತ್ತಿದ್ದಳು. ಇವತ್ತೂ ಬೆಳಿಗ್ಗೆಯೇ ರೊಟ್ಟಿಬುತ್ತಿ ಕಟ್ಟಿಕೊಂಡು ಕೂತಳು. ಕಾರು ಮಾತ್ರ ನನ್ನ ಗಂಡನ ಜೊತೆ ಗಜೇಂದ್ರಗಡಕ್ಕೆ ಹೋಗಿತ್ತು.

"ಬಸ್ಸಿಗೇ ಹೋಗ್ತೀನ್ರಿ," ಎಂದಳು.

ಅವಳ ಗಂಡ, ನನ್ನ ಮೈದುನ, ಬಿಡಲಿಲ್ಲ. "ಮನ್ಯಾಗ ಕಾರ್ ಇಟಗೊಂಡು ಬಸ್ ಹತ್ತಿದ್ರ ಮಂದಿ ಏನಂದಾರು? ಅಣ್ಣ ಈಗ ಬರ್ತಾನ, ತಡಿ."

"ನಾ ಮಂದೀನ್ನ ನೋಡಾಕ ಹೊಂಟಿಲ್ಲರಿ, ನಮ್ಮವ್ವನ್ನ ನೋಡಾಕ ಹೊಂಟೀನಿ."

ಕಾರು ಬಂದಾಗ ದೀಪ ಹಚ್ಚುವ ಹೊತ್ತು. ಬುತ್ತಿ ಕಟ್ಟಿದಂತೆಯೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹುಸೇನಬಿ ನರಗುಂದದಿಂದ ಬಂದವಳೇ ನಮ್ಮ ಬಾಗಿಲಲ್ಲಿ ನಿಂತಳು. "ಗಂಗಕ್ಕಾ, ನಿಮ್ಮವ್ವನ್ನ ಮಾತಾಡಿಸಿ ಬಂದ್ನಿ. ಯಾವ ಮೋಟಾರಿನ ಸಪ್ಪಳ ಕೇಳಿದ್ರೂ ಎದ್ದು ಕುಂದರ್ತಾಳ. ಬಸ್ಸಿನ್ಯಾಗ ಜಾಗಾ ಭಾಳ ಇತ್ತು ಬಿಡ್ರಿ."