ಹರಳೆಣ್ಣೆ ಹಚ್ಚಿದ ತಲೆ

ಪುಕ್ಕಟೆ ಅಂದರೆ ನನಗೆ ಮೊದಲಿನಿಂದಲೂ ಅನುಮಾನ. ಅದರಲ್ಲೂ ಸಂಡೂರಿನ ಗುಡ್ಡಗಳನ್ನು ಅಗೆದು ಲಾರಿಗೆ ತುಂಬಿ ಸಾಗಿಸುತ್ತಿದ್ದ ಆ ವರ್ಷಗಳಲ್ಲಿ, ನಗುತ್ತಾ ಬಂದು ಸಹಿ ಕೇಳುವವರಿಂದ ಮೋಸ ಹೋದವರು ನಮ್ಮ ಓಣಿಯಲ್ಲೇ ಇದ್ದರು. ಹಾಗಾಗಿ ನನ್ನ ತಮ್ಮ ಒಂದು ಚೀಟಿ ತಂದು ಕೈಗಿಟ್ಟಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಅವನು ಅದಿರು ಪುಡಿ ಮಾಡುವ ಕ್ರಷರ್‌ನಲ್ಲಿ ಆಪರೇಟರ್. ಆರು ತಿಂಗಳಿಂದ ಊಟದ ತಟ್ಟೆ ಮುಂದಿಟ್ಟುಕೊಂಡು ಯಾರಿಗೋ ಉತ್ತರ ಕೊಡುತ್ತಿದ್ದ. ಕ್ರಷರ್ ನಿಂತ ಮೇಲೂ ಅದರ ಸದ್ದು ನಿಲ್ಲುವುದಿಲ್ಲ, ಆ ಸದ್ದಿನೊಳಗೆ ಯಾರೋ ಬೈಯುತ್ತಾರೆ ಅನ್ನುತ್ತಿದ್ದ. "ನಿದ್ದಿ ಕಡಿಮಿ ಆಗೇತಿ, ಮಲಗು" ಅನ್ನುವುದೊಂದೇ ನನ್ನ ಉತ್ತರ. ಅಪ್ಪ ಅವ್ವ ಇಲ್ಲದ ಮನೆ ನಮ್ಮದು. ಇವನ ತಲೆ ಸರಿಯಿಲ್ಲ ಅಂತ ಒಬ್ಬರ ಬಾಯಿಗೆ ಬಿದ್ದರೆ ಕೆಲಸವೂ ಹೋಗುತ್ತದೆ, ಹೆಣ್ಣು ಕೊಡುವವರೂ ಇರುವುದಿಲ್ಲ.

ಬೆಂಗಳೂರಿನ ಡಾಕ್ಟರುಗಳು ಹೊಸಪೇಟೆಗೆ ಬಂದು ಮಿದುಳಿನ ಟೆಸ್ಟ್ ಮಾಡುತ್ತಾರಂತೆ, ಪುಕ್ಕಟೆ. ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬರಬೇಕಂತೆ. "ಸೂಪರ್‌ವೈಜರ್ ಕೊಟ್ಟಾನ" ಎಂದ ತಮ್ಮ. ತಗೋ, ನನಗೆ ಎಲ್ಲಾ ತಿಳಿದುಹೋಯಿತು! ಹುಚ್ಚ ಅಂತ ಕಾಗದ ಮಾಡಿಸಿ, ಇವನನ್ನು ತೆಗೆದು ತನ್ನ ಕಡೆಯವರನ್ನು ಸೇರಿಸುವ ಹುನ್ನಾರ. ಎಣ್ಣೆ ಬೇಡ ಅಂದರೆ ಏನರ್ಥ? ತಲೆಗೆ ಕರೆಂಟು ಕೊಡುತ್ತಾರೆ ಅಂತಲೇ ಅರ್ಥ.

ನಮ್ಮಲ್ಲಿ ತಲೆಗೆ ಉಷ್ಣ ಏರಿದರೆ ನೆತ್ತಿಗೆ ಹರಳೆಣ್ಣೆ ತಟ್ಟುತ್ತಾರೆ. ಹೊರಡುವ ಬೆಳಿಗ್ಗೆ ಅವನನ್ನು ಕೂಡಿಸಿಕೊಂಡು ಒಂದು ಬಟ್ಟಲು ಹರಳೆಣ್ಣೆ ತಿಕ್ಕಿದೆ. ಕರೆಂಟು ಒಳಗೆ ಇಳಿಯಬಾರದು ನೋಡಿ!

"ಅಕ್ಕಾ, ಎಣ್ಣಿ ಬ್ಯಾಡ ಅಂದಾರ."

"ನಿನಗ ತಿಳಿಯಂಗಿಲ್ಲ, ಸುಮ್ಮನ ಕುಂದ್ರಲೇ" ಎಂದು ತಲೆಗೆ ಒಂದು ಮೊಟಕಿದೆ.

ಹೊಸಪೇಟೆಯ ಆ ಕೋಣೆಯಲ್ಲಿ ಒಬ್ಬ ಡಾಕ್ಟರಮ್ಮ, ಒಂದು ಕಂಪ್ಯೂಟರ್, ವೈರು ಜೋಡಿಸಿದ ಒಂದು ಟೋಪಿ. "ಇದರಾಗ ಕರೆಂಟ್ ಎಷ್ಟೈತ್ರಿ?" ಎಂದು ಕೇಳಿಯೇಬಿಟ್ಟೆ.

"ಕರೆಂಟ್ ಕೊಡೋದಿಲ್ಲಮ್ಮ. ಕಿವಿಗೆ ಸದ್ದು ಕೇಳಿಸ್ತೀವಿ, ಸೆಕೆಂಡಿಗೆ ನಲವತ್ತು ಸಲ ಟಕ್ ಟಕ್ ಅಂತ. ಮಿದುಳು ಅದಕ್ಕೆ ತಾಳ ಹಾಕುತ್ತೆ. ಕೆಲವು ಮನೋರೋಗಗಳಲ್ಲಿ ಆ ತಾಳ ಕ್ಷೀಣ ಆಗುತ್ತೆ. ಅದನ್ನ ಅಳೀತೀವಿ ಅಷ್ಟೆ."

"ತಾಳ ತಪ್ಪಿದ್ರ ಹುಚ್ಚ ಅಂತ ಬರದು ಕೊಡ್ತೀರೇನ್ರಿ?"

"ಇಲ್ಲಮ್ಮ. ಇದೊಂದರಿಂದ ಯಾರಿಗೂ ಕಾಯಿಲೆ ಇದೆ ಅಂತ ಹೇಳೋಕಾಗಲ್ಲ. ನಾವೂ ಇನ್ನೂ ಕಲೀತಾ ಇದ್ದೀವಿ."

ಕಲಿಯುವುದಕ್ಕೆ ನನ್ನ ತಮ್ಮನ ತಲೆಯೇ ಬೇಕಿತ್ತೇ? "ಮೊದಲು ನನಗ ಕೇಳಿಸ್ರಿ" ಎಂದು ಹಟ ಹಿಡಿದೆ. ಪಾಪ, ಸದ್ದು ಕೇಳಿಸುವ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದಳು. ಹೊಲಿಗೆ ಮಷಿನ್ ಜೋರಾಗಿ ತುಳಿದ ಹಾಗೆ ಟರ್ರ್ ಅಂದಿತು, ಅಷ್ಟೇ. ಇಷ್ಟಕ್ಕಾಗಿ ಬೆಂಗಳೂರಿನಿಂದ ಬಂದರೇ ಎಂದು ನನ್ನ ಅನುಮಾನ ಇನ್ನಷ್ಟು ಹೆಚ್ಚಾಯಿತು.

ತಮ್ಮ ಮಾತ್ರ ಫೋಟೋಕ್ಕೆ ಕೂತವನಂತೆ ನೆಟ್ಟಗೆ ಕೂತಿದ್ದ. ಡಾಕ್ಟರಮ್ಮ ಕೂದಲು ಬಿಡಿಸಲು ಹೋದಳು, ಬೆರಳು ಜಾರಿತು. ಹತ್ತಿಯಿಂದ ಒರೆಸಿದಳು, ಎರಡು ಸಲ ಶಾಂಪೂ ಹಾಕಿ ತೊಳೆಸಿದಳು. ಹರಳೆಣ್ಣೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ವೈರು ನಿಲ್ಲಲಿಲ್ಲ, ಪರದೆಯ ಮೇಲೆ ಗೆರೆಗಳೆಲ್ಲ ಕಲಸಿಹೋದವು. ಅವರು ಮಧ್ಯಾಹ್ನವೇ ಬೇರೆ ಊರಿಗೆ ಹೊರಡುವವರಿದ್ದರು. "ಟೆಸ್ಟ್ ಆಗದಿದ್ರೂ ಚಿಂತೆ ಇಲ್ಲ, ಚಿಕಿತ್ಸೆಗೆ ಇದು ಬೇಕಾಗಿಲ್ಲ. ಇಲ್ಲೇ ಒಬ್ಬರು ಮಾನಸಿಕ ಡಾಕ್ಟರಿದ್ದಾರೆ, ತಪ್ಪದೆ ತೋರಿಸಿ" ಎಂದು ವಿಳಾಸ ಬರೆದು ತಮ್ಮನ ಕೈಗೆ ಕೊಟ್ಟಳು. ನಾನು ಒಳಗೊಳಗೇ ಹಿಗ್ಗಿದೆ.

ನಾವು ಹತ್ತಿದ ಸಂಡೂರಿನ ಬಸ್ಸು ಅದಿರು ಲಾರಿಗಳ ಸಾಲಿನ ಹಿಂದೆ ನಿಂತಿತ್ತು. "ನೋಡು, ಹೆಂಗ ತಪ್ಪಿಸಿದೆ! ಆ ಸೂಪರ್‌ವೈಜರ್‌ಗೆ ಇನ್ನ ಕಾಗದ ಎಲ್ಲಿಂದ ಬರ್ತೈತಿ?" ಎಂದೆ.

"ಅಂವ ಎಲ್ಲಿ ಕಳಿಸಿದ್ದ ಅಕ್ಕಾ? ನಾನ ಅವನ ಕೈ ಕಾಲು ಹಿಡಿದು ಚೀಟಿ ಬರಸ್ಕೊಂಡಿದ್ದೆ."

"ಯಾಕಲೇ?"

"ನಿನಗ ತೋರ್ಸಾಕ. ನಾ ಹೇಳಿದ್ರ ಮಲಗು ಅಂತಿ. ಮಷಿನ್ನ್ಯಾಗ ಬಂದ್ರ ನಂಬ್ತಿ ಅಂದ್ಕೊಂಡಿದ್ದೆ."

ಸೂಪರ್‌ವೈಜರ್, ಡಾಕ್ಟರಮ್ಮ, ಊರು ಎಲ್ಲರ ಮೇಲೂ ಅನುಮಾನಪಟ್ಟೆ ಅಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ನಾನು ನಂಬದೆ ಹೋದದ್ದು ಇವನನ್ನು. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

"ಏನು ಕೇಳಿಸ್ತೈತಿ ತಮ್ಮಾ? ಈಗ ಹೇಳು" ಎಂದೆ.

"ಬ್ಯಾಡ ಬಿಡಕ್ಕಾ" ಎಂದು ಕಿಟಕಿಯ ಕಡೆ ತಿರುಗಿದ.

ಮುಂದಿನ ವಾರ ಆ ಮಾನಸಿಕ ಡಾಕ್ಟರ ಹತ್ತಿರ ಕರೆದೊಯ್ದೆ. ಒಂದು ತಾಸು ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡನಂತೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅಕ್ಕನನ್ನು ಒಳಗೆ ಬಿಡಬೇಡಿ ಅಂತ ಅವನೇ ಕೇಳಿಕೊಂಡಿದ್ದ.