ಜೋಡಿ ಗಿಳಿ ಚಾಪುಡಿ ಹಿಡಿಸಿದ ಕೆರಿಯಮ್ಮ

ಕೆರಿಯಮ್ಮ ಯಾರನ್ನೂ ನಂಬುವವಳಲ್ಲ. ಇದನ್ನು ಬೈಗುಳ ಅಂದುಕೊಳ್ಳಬೇಡಿ. ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಆ ಕೇರಿಯಲ್ಲಿ ಅವಳಿಗೆ ಮರ್ಯಾದೆ ಸಿಗುತ್ತಿದ್ದದ್ದೇ ಈ ಗುಣಕ್ಕೆ. ಗಡಿಗೆ ಮಾರುವವನು ಬಂದರೆ ಹೆಂಗಸರು ಮೊದಲು ಕೆರಿಯಮ್ಮನನ್ನು ಕರೆಯುತ್ತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ತೀರ್ಪು ಕೊಡುವಳು. ಸೀರೆ ಮಾರುವವನು ಬಂದರೆ ಅಂಚನ್ನು ನೀರಲ್ಲಿ ಅದ್ದಿ ಉಜ್ಜುವಳು. ಯಾರಾದರೂ ಎಮ್ಮೆ ಕೊಳ್ಳುವುದಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಾನೇ ಹಾಲು ಕರೆದು ನೋಡುವಳು. ಮಾರುವವರು ಅವಳನ್ನು ಕಂಡರೆ ಒಳಗೊಳಗೇ ಶಾಪ ಹಾಕುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ಖುಷಿಪಡುತ್ತಿದ್ದಳು.

ಅವಳದೊಂದು ನೇಮ ಇತ್ತು. ಮಾರಲು ಬಂದವನ ಕೈಯಿಂದ ಒಂದು ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ಆ ಕಡೆ ವ್ಯಾಪಾರಕ್ಕೆ ಕೂತಾಗ ಕವಳದ ತಟ್ಟೆ ಮುಂದೆ ತಳ್ಳುವುದು ರೂಢಿ, ತಳ್ಳಿದಾಗ ಬೇಡ ಅನ್ನುವುದು ಅವಮಾನ. ಆದರೂ ಕೆರಿಯಮ್ಮ ಬೇಡ ಅನ್ನುತ್ತಿದ್ದಳು. ಅವನ ಕವಳ ಬಾಯಿಗೆ ಹೋದರೆ ಅವನ ಮಾತೇ ಬಾಯಿಂದ ಹೊರಗೆ ಬರುತ್ತದೆ ಎಂದು ಅವಳ ನಂಬಿಕೆ. ತನ್ನ ಸೊಂಟದ ಚೀಲದಿಂದ ತನ್ನದೇ ಎಲೆ ತೆಗೆದು, ಸುಣ್ಣ ಹಚ್ಚಿ, ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಳ್ಳುವಳು. ಕೇರಿಯ ಹೆಂಗಸರು ಅದನ್ನು ನೋಡಿಯೇ ನಿಶ್ಚಿಂತರಾಗುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಅವಳನ್ನು ನೆಚ್ಚಿಕೊಂಡವಳು ಪಕ್ಕದ ಮನೆಯ ವೆಂಕಮ್ಮ. ಗಂಡ ತೀರಿಹೋಗಿದ್ದ. ಹಿಂದೆ ಮುಂದೆ ಗಂಡು ದಿಕ್ಕಿರಲಿಲ್ಲ. ಇದ್ದವಳು ಮಗಳು ಸರೋಜ ಒಬ್ಬಳೇ, ಅವಳೂ ಮದುವೆಗೆ ಬಂದಿದ್ದಳು. ಗಂಡಿನ ಕಡೆಯವರು ಬಂದು ಹೋಗಿ ಮಾಡುತ್ತಿದ್ದರು. ವೆಂಕಮ್ಮ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು: ಕೆರಿಯಕ್ಕ ನೋಡಿ ಹ್ಞೂಂ ಅನ್ನಬೇಕು, ಅಲ್ಲೀವರೆಗೆ ವೀಳ್ಯ ಕೊಡುವುದಿಲ್ಲ. ಸರೋಜಳ ಬಾಳು ಯಾವ ಮನೆಯಲ್ಲಿ ಬೇಯುತ್ತದೋ ಬೆಳಗುತ್ತದೋ ಅನ್ನುವುದು ಕೆರಿಯಮ್ಮನ ನಾಲಗೆಯ ಮೇಲೆ ಕೂತಿತ್ತು. ಎರಡು ಮನೆಗಳನ್ನು ಅವಳು ಆಗಲೇ ಬೇಡ ಅಂದಿದ್ದಳು. ವೆಂಕಮ್ಮ ಯಾಕೆ ಎಂದು ಕೂಡ ಕೇಳಿರಲಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಇನ್ನೂ ಏಳುತ್ತಿದ್ದ ಕಾಲ ಅದು. ಅಲ್ಲಿಯ ಕೂಲಿ ದುಡ್ಡು ಹಳ್ಳಿಗಳಿಗೆ ಬರುತ್ತಿದೆ ಎಂದು ವಾಸನೆ ಹಿಡಿದು, ಬಣ್ಣದ ಸೋಪು ಮಾರುವವರು, ಹಲ್ಲುಪುಡಿ ಮಾರುವವರು ಕೇರಿಕೇರಿ ತಿರುಗತೊಡಗಿದ್ದರು. ಹಾಗೆ ಬಂದವನು ಸಾಗರದ ಶಂಭು. ಇಸ್ತ್ರಿ ಮಾಡಿದ ಅಂಗಿ, ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಜೋಡಿ ಗಿಳಿ ಮಾರ್ಕಿನ ಚಾಪುಡಿ. ಪ್ಯಾಕೆಟ್ಟಿನ ಮೇಲಿನ ಗಿಳಿಯ ಚಿತ್ರ ಕತ್ತರಿಸಿ ಕೂಡಿಟ್ಟುಕೊಳ್ಳಬೇಕು, ಇಷ್ಟು ಚಿತ್ರಕ್ಕೆ ಇಷ್ಟು ಕಾಸು ವಾಪಸ್ಸು, ಇನ್ನೂ ಹೆಚ್ಚು ಕೂಡಿದರೆ ಸ್ಟೀಲಿನ ಲೋಟ ಎಂದು ಅವನು ವಿವರಿಸಿದ. ಸ್ಟೀಲು ಅಂದರೆ ಆಗ ಪೇಟೆಯ ಶ್ರೀಮಂತರ ಮನೆಯ ಮಾತು. ಹೆಂಗಸರು ಬಾಯಿಬಿಟ್ಟು ಕೇಳಿದರು, ಕೇಳಿ ಮುಗಿಸಿ ಕೆರಿಯಮ್ಮನ ಕಡೆ ತಿರುಗಿದರು.

ಕೊಟ್ಟ ದುಡ್ಡನ್ನು ಮಾರಿದವನೇ ವಾಪಸ್ಸು ಕೊಡುತ್ತಾನೆ ಅಂದರೆ ಕೆರಿಯಮ್ಮನಿಗೆ ಮೈಯೆಲ್ಲ ಉರಿಯಿತು. ಇದೆಲ್ಲಿಯ ಸೀಮೆಯ ವ್ಯಾಪಾರ? ಹಾಗಿದ್ದರೆ ಮೊದಲೇ ಕಮ್ಮಿಗೆ ಕೊಡಬಾರದಾ ಎಂದು ಮುಖದ ಮೇಲೆ ಹೊಡೆದ ಹಾಗೆ ಕೇಳಿದಳು. ಶಂಭು ನಕ್ಕ. ಅವನು ನಕ್ಕದ್ದು ಅವಳಿಗೆ ಇನ್ನಷ್ಟು ಸಂಶಯ ತಂದಿತು. ಪುಡಿಯನ್ನು ಅಂಗೈ ಮೇಲೆ ಸುರಿದು ಮೂಸಿದಳು. ತಣ್ಣೀರಿಗೆ ಹಾಕಿ ಬಣ್ಣ ಬಿಡುತ್ತದಾ ನೋಡಿದಳು. ಬಿಡಲಿಲ್ಲ. ತಕ್ಕಡಿಯಲ್ಲಿ ತೂಗಿಸಿದಳು, ತೂಕ ಸರಿಯಿತ್ತು. ಅಷ್ಟಕ್ಕೂ ಬಿಡದೆ ಸಾಗರದ ಸಂತೆಗೆ ಹೋದವಳು ಅವನ ಸಾಹುಕಾರನ ಅಂಗಡಿ ಹುಡುಕಿ, ಮೂಲೆಯಲ್ಲಿ ನಿಂತು ಕಾದಳು. ಒಬ್ಬ ಮುದುಕಿ ಗಿಳಿಚಿತ್ರದ ಕಟ್ಟು ಕೊಟ್ಟು ಲೋಟ ತೆಗೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡಳು. ಆ ಮುದುಕಿಯೂ ಇವರದೇ ಕಡೆಯವಳಿರಬಹುದು ಎಂದು ಬಸ್‌ಸ್ಟ್ಯಾಂಡಿನವರೆಗೆ ಹಿಂಬಾಲಿಸಿ ಮಾತಾಡಿಸಿದಳು. ಮುದುಕಿ ಆನಂದಪುರದವಳು, ಪಾಪ, ಇವಳನ್ನೇ ಕಳ್ಳಿ ಅಂದುಕೊಂಡು ಲೋಟವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಎಲ್ಲಿ ಕೆದಕಿದರೂ ಮೋಸ ಸಿಗಲಿಲ್ಲ. ಕೆರಿಯಮ್ಮನಿಗೆ ಸಮಾಧಾನವಾಗುವ ಬದಲು ಒಂಥರಾ ಬೇಜಾರೇ ಆಯಿತು.

ಮುಂದಿನ ಸಲ ಶಂಭು ಬಂದಾಗ ನೆಟ್ಟಗೆ ಅವಳ ಮನೆಗೇ ಬಂದ. ಗಂಡ ಗದ್ದೆಗೆ ಹೋಗಿದ್ದ. ಶಂಭು ಜಗಲಿಯ ಅಂಚಿಗೆ ಕೂತು, ದನಿ ತಗ್ಗಿಸಿ, ಇನ್ನೊಂದು ಸ್ಕೀಮು ಬಿಚ್ಚಿದ. ಹೊಸ ಮನೆಯೊಂದಕ್ಕೆ ಚಾಪುಡಿ ಹಿಡಿಸಿಕೊಟ್ಟರೆ, ಹಿಡಿಸಿದವರ ಹೆಸರಿಗೆ ಬೇರೆ ಲೆಕ್ಕ. ಇಡೀ ಕೇರಿ ಹಿಡಿಸಿದರೆ ಸ್ಟೀಲಿನ ತಂಬಿಗೆ. ಅದೂ ಸಣ್ಣದಲ್ಲ, ಭಾರದ್ದು. ಪೆಟ್ಟಿಗೆಯಿಂದ ತೆಗೆದು ತೋರಿಸಿದ. ಅದರ ಹೊಟ್ಟೆಯ ಮೇಲೆ ಅವಳ ಮುಖ, ಹಿಂದಿನ ಬಾಗಿಲು, ಅಂಗಳ ಎಲ್ಲಾ ಮಿಂಚಿತು.

“ನೀವು ಸುಳ್ಳು ಹೇಳೂದು ಬ್ಯಾಡ ಅಮ್ಮ. ಪುಡಿ ಚೆನ್ನಾಗಿದೆ ಅಂತ ನೀವೇ ನೋಡೀರಿ. ಅದನ್ನೇ ಹೇಳಿ ಸಾಕು” ಅಂದ ಶಂಭು.

ಇಲ್ಲಿಯೇ ನೋಡಿ ಅವಳು ಎಡವಿದ್ದು. ಅವನು ಕವಳದ ತಟ್ಟೆ ತಳ್ಳಿದ್ದರೆ ಒದ್ದು ಕಳಿಸುತ್ತಿದ್ದಳು. ಆದರೆ ತಂಬಿಗೆಯನ್ನು ಅವನು ಕೊಡುತ್ತಿಲ್ಲವಲ್ಲ, ಕಂಪನಿ ಕೊಡುತ್ತದೆ. ಈಗ ಕೊಡುತ್ತಿಲ್ಲವಲ್ಲ, ಆಮೇಲೆ ಕೊಡುತ್ತಾರೆ. ಪುಡಿ ಒಳ್ಳೆಯದೇ ಅಲ್ಲವಾ, ತಾನು ಹೇಗೂ ಒಳ್ಳೆಯದು ಎಂದೇ ಹೇಳುತ್ತಿದ್ದೆ ಅಲ್ಲವಾ. ಜಗತ್ತಿನ ಮೇಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಹೆಂಗಸು ತನ್ನ ಮನಸ್ಸು ಹೆಣೆಯುತ್ತಿದ್ದ ಈ ಮಾತುಗಳನ್ನು ಒಂದನ್ನೂ ಬಡಿದು ನೋಡಲಿಲ್ಲ.

ಮನೆ ಮನೆಗೆ ಹೋದಳು. ಪುಡಿ ಚೆನ್ನಾಗಿದೆ, ಮೋಸ ಇಲ್ಲ, ನಾನು ಎಲ್ಲಾ ನೋಡಿ ಬಂದೆ ಎಂದಳು. ಇಷ್ಟೂ ನಿಜ. ತಂಬಿಗೆಯ ಸುದ್ದಿ ಮಾತ್ರ ಎತ್ತಲಿಲ್ಲ. ಕೇಳುವವರ ಜಾಗದಲ್ಲಿ ತಾನಿದ್ದರೆ ಏನು ಅಂದುಕೊಳ್ಳುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆರಿಯಮ್ಮನೇ ಹ್ಞೂಂ ಅಂದ ಮೇಲೆ ಇನ್ನೇನು ಎಂದು ಬೆಲ್ಲದ ನೀರು, ಕಷಾಯ ಕುಡಿಯುತ್ತಿದ್ದವರೆಲ್ಲ ಚಾಕ್ಕೆ ತಿರುಗಿದರು. ಗಿಳಿಚಿತ್ರ ಬೇಗ ಕೂಡಲಿ ಎಂದು ಬೇಡದ ಹೊತ್ತಲ್ಲೂ ಒಲೆಯ ಮೇಲೆ ನೀರಿಟ್ಟರು. ವೆಂಕಮ್ಮನ ಮನೆಯಲ್ಲಿ ಚಾ ಕುಡಿಯುವವರೇ ಇರಲಿಲ್ಲ, ಆದರೂ ಅವಳು ತಗೊಂಡಳು. ಹೆಣ್ಣು ನೋಡಲು ಬಂದವರಿಗೆ ಆಯಿತು ಅಂದಳು.

ಶಂಭು ಮಾತಿಗೆ ತಪ್ಪುವವನಾಗಿರಲಿಲ್ಲ, ಅದೇ ತೊಂದರೆಯಾಯಿತು. ಒಂದು ದಿನ ಹೆಂಗಸರೆಲ್ಲ ಬಾವಿಕಟ್ಟೆಯ ಹತ್ತಿರ ಸೇರಿದ್ದಾಗ ಸೈಕಲ್ ಬೆಲ್ಲು ಹೊಡೆಯುತ್ತ ಬಂದು, ಬಣ್ಣದ ಕಾಗದ ಸುತ್ತಿದ ತಂಬಿಗೆಯನ್ನು ಎಲ್ಲರೆದುರಿಗೆ ಕೆರಿಯಮ್ಮನ ಕೈಗೆ ಕೊಟ್ಟ. ಇಡೀ ಕೇರಿ ಹಿಡಿಸಿಕೊಟ್ಟದ್ದಕ್ಕೆ ಕಂಪನಿಯ ಬಹುಮಾನ, ನೀವೂ ಹೀಗೇ ನೆಂಟರ ಊರಲ್ಲಿ ಹಿಡಿಸಿ ಎಂದು ಉಳಿದವರಿಗೂ ಹುರುಪು ತುಂಬಿದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಗ್ಗ ಹಿಡಿದವಳು ಹಗ್ಗ ಎಳೆದಳು, ಕೊಡ ತುಂಬಿದವಳು ಕೊಡ ಹೊತ್ತು ಹೋದಳು.

ಸಂಜೆ ಕೆರಿಯಮ್ಮನೇ ವೆಂಕಮ್ಮನ ಅಂಗಳಕ್ಕೆ ಹೋದಳು. ಪುಡಿ ಒಳ್ಳೆಯದೇ ಅಲ್ಲವೇನೆ, ನಾನೇನು ಸುಳ್ಳು ಹೇಳಿದೆನಾ ಎಂದು ತಾನೇ ಜಗಳ ತೆಗೆದಳು. ವೆಂಕಮ್ಮ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ನೀ ತಂಬಿಗೆ ಸಿಗ್ತದೆ ಅಂತ ಹೇಳಿದ್ರೆ ನಾ ಇನ್ನೂ ಎರಡು ಪ್ಯಾಕೆಟ್ ತಗಳ್ತಿದ್ದೆ ಕೆರಿಯಕ್ಕ. ನಿಂಗೆ ಬೇಗ ಸಿಗ್ಲಿ ಅಂತ.”

ಬೈದಿದ್ದರೆ ಕೆರಿಯಮ್ಮ ನೂರು ಮಾತಾಡುತ್ತಿದ್ದಳು. ಇದನ್ನು ಕೇಳಿ ಎದ್ದು ಮನೆಗೆ ಬಂದಳು.

ಆಮೇಲೆ ಯಾರೂ ಅವಳ ಜೊತೆ ಮಾತು ಬಿಡಲಿಲ್ಲ. ಸಸಿ ನಟ್ಟಿಗೆ ಕರೆದರು, ಅವಳ ಗದ್ದೆಗೂ ಬಂದರು, ಹಬ್ಬಕ್ಕೆ ಕಡುಬು ಕಳಿಸಿದರು. ಆದರೆ ಗಡಿಗೆಯವನು ಬಂದಾಗ ಪ್ರತಿಯೊಬ್ಬಳೂ ತಾನೇ ಬಡಿದು ತಾನೇ ಆರಿಸಿಕೊಂಡಳು. ಕೆರಿಯಮ್ಮ ದೂರದಿಂದ ಕೇಳಿಯೇ ಒಂದು ಗಡಿಗೆ ಒಡಕು ಎಂದು ತಿಳಿದುಕೊಂಡಳು. ಕೂಗಿ ಹೇಳಿದಳು ಕೂಡ. ಕೊಂಡವಳು ಇವಳ ಮುಖವನ್ನೊಮ್ಮೆ, ಗಡಿಗೆಯವನ ಮುಖವನ್ನೊಮ್ಮೆ ನೋಡಿ, ಅದನ್ನೇ ಒಳಗೆ ತಗೊಂಡು ಹೋದಳು. ಯಾರ ಮನೆಗೆ ಹೋದರೂ ಇವಳು ಏನು ಮಾರಲು ಬಂದಿದ್ದಾಳೋ ಎಂಬ ಒಂದು ನೋಟ ಮೊದಲು ಬಂದು, ಆಮೇಲೆ ಮಣೆ ಬರುತ್ತಿತ್ತು. ಆ ನೋಟ ಅವಳಿಗೆ ಹೊಸದಲ್ಲ. ಇಷ್ಟು ವರ್ಷ ಅವಳೇ ಜನರನ್ನು ಹಾಗೆ ನೋಡಿಕೊಂಡು ಬಂದವಳು. ತಂಬಿಗೆಯನ್ನು ಅಟ್ಟಕ್ಕೆ ಎಸೆದು, ಹಳೆಯ ತಾಮ್ರದ್ದರಲ್ಲೇ ನೀರು ಕುಡಿಯತೊಡಗಿದಳು.

ಅಷ್ಟರಲ್ಲಿ ಸರೋಜಳಿಗೆ ತೀರ್ಥಹಳ್ಳಿ ಕಡೆಯ ಅರಳಸುರಳಿಯಿಂದ ಒಂದು ಸಂಬಂಧ ಬಂತು. ಎರಡನೇ ಮಗ, ಗದ್ದೆ ಇದೆ, ಜೋಡೆತ್ತು ಇದೆ. ವೆಂಕಮ್ಮ ಈ ಸಲ ಕೆರಿಯಮ್ಮನಿಗೆ ಹೋಗಿ ನೋಡಿ ಬಾ ಅನ್ನಲಿಲ್ಲ. ಸುದ್ದಿ ಬೇರೆಯವರ ಬಾಯಿಂದ ಬಂದಾಗ ಕೆರಿಯಮ್ಮನಿಗೆ ಅಳು ಬಂತು. ಸರೋಜ ಅವಳ ತೊಡೆಯ ಮೇಲೆ ಬೆಳೆದ ಹುಡುಗಿ. ಕರೆಯದಿದ್ದರೆ ಏನಾಯಿತು ಎಂದು ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಸೌತೆ ಬೀಜ ಕೇಳುವ ನೆಪದಲ್ಲಿ ಆ ಮನೆಯ ಅಂಗಳಕ್ಕೆ ಇಳಿದಳು.

ಮನೆ ಚೊಕ್ಕಟವಾಗಿತ್ತು, ಮಾತೂ ನಯವಾಗಿತ್ತು. ಕೆರಿಯಮ್ಮ ಅದನ್ನೆಲ್ಲ ನೋಡಲು ಹೋದವಳಲ್ಲ, ಹಿರೇಸೊಸೆಯನ್ನು ನೋಡಲು ಹೋದವಳು. ಆ ಹುಡುಗಿಯ ಕಿವಿಯಲ್ಲಿ ಓಲೆ ಇರಲಿಲ್ಲ, ತೂತು ಮುಚ್ಚದಿರಲಿ ಎಂದು ಕಡ್ಡಿ ಸಿಕ್ಕಿಸಿದ್ದಳು. ತವರು ಯಾವೂರು ಮಗಾ ಎಂದು ಕೇಳಿದರೆ ಅತ್ತೆ ಉತ್ತರ ಕೊಟ್ಟಳು. ಹಬ್ಬಕ್ಕೆ ಹೋಗಿದ್ಯಾ ಎಂದರೆ ಅದಕ್ಕೂ ಅತ್ತೆಯೇ ಉತ್ತರ ಕೊಟ್ಟಳು. ಬೀಜದ ಪೊಟ್ಟಣ ಕೊಡುವಾಗ ಆ ಹುಡುಗಿಯ ಕೈ ಇವಳ ಕೈಯನ್ನು ಒಂದು ಗಳಿಗೆ ಗಟ್ಟಿಯಾಗಿ ಹಿಡಿಯಿತು.

ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ವೆಂಕಮ್ಮನ ಮನೆಗೆ ಬಂದು, ಕಂಡದ್ದನ್ನೆಲ್ಲ ಹೇಳಿದಳು. ಆ ಮನೆ ಬೇಡ, ಆ ಮನೆ ಹೆಣ್ಣನ್ನು ಒಣಗಿಸುತ್ತದೆ ಎಂದಳು. ವೆಂಕಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವು ಮಾತ್ರ ಇತ್ತು.

“ನಾ ಹೋಗು ಅನ್ನದೆ ನೀ ಎಂತಕ್ಕೆ ಹೋದೆ? ಇದ್ರಲ್ಲಿ ನಿಂಗೆಂತ ಸಿಗ್ತದೆ ಕೆರಿಯಕ್ಕ? ನಿನ್ ಅಣ್ಣನ ಮಗ ಬೆಳ್ಳಪ್ಪಂಗೆ ನಮ್ ಸರೋಜನ್ನ ತಗಳೂ ಮನಸ್ಸೇನು?”

ಇಲ್ಲ ಅನ್ನಲು ಒಂದು ಉಸಿರು ಸಾಕಿತ್ತು. ಆದರೆ ಬೆಳ್ಳಪ್ಪ ಲಿಂಗನಮಕ್ಕಿಯಲ್ಲಿ ಒಳ್ಳೆಯ ಕೆಲಸಕ್ಕಿದ್ದ, ಸರೋಜ ಅವನ ಮನೆ ಸೇರಿದರೆ ಎಷ್ಟು ಚೆನ್ನ ಎಂದು ಕೆರಿಯಮ್ಮ ಯಾವತ್ತೋ ಮನಸ್ಸಲ್ಲಿ ಅಂದುಕೊಂಡದ್ದು ಉಂಟು. ಯಾರ ಹತ್ತಿರವೂ ಆಡಿರಲಿಲ್ಲ. ಈಗ ಅದು ನೆನಪಾಯಿತು. ಅವಳು ತಡವರಿಸಿದ್ದನ್ನು ವೆಂಕಮ್ಮ ನೋಡಿದಳು, ನೋಡಿ ಒಳಗೆ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಕೆರಿಯಮ್ಮನ ಹಿಂದೆ ಸರೋಜ ಬಂದು ನಿಂತಳು. ಕಣ್ಣು ಊದಿಕೊಂಡಿತ್ತು.

“ದೊಡ್ಡವ್ವ, ನೀ ಅವ್ವಂಗೆ ಹೇಳಿದ್ದು ನಂಗೆ ಕೇಳಿಸ್ತು. ಅವ್ವ ನಂಬ್ಲಿಲ್ಲ, ವೀಳ್ಯ ಕೊಡ್ತಾಳಂತೆ. ನಾ ನಂಬ್ತೀನಿ. ಆ ಮನೆ ಬ್ಯಾಡ ಅಂತ ನೀ ಇನ್ನೊಂದು ಸಲ ಹೇಳು, ನಾ ಒಲ್ಲೆ ಅಂತೀನಿ.”

ಕೆರಿಯಮ್ಮ ಸಗಣಿ ಕೈಯನ್ನು ಹಾಗೇ ಹಿಡಿದು ನಿಂತಳು. ಕಿವಿ ಬರಿದಾಗಿದ್ದದ್ದು ನಿಜ. ಆದರೆ ಓಲೆ ಎಲ್ಲಿ ಹೋಯಿತು ಎಂದು ತಾನು ಕೇಳಿದೆನಾ? ಕಿವಿ ಹುಣ್ಣಾಗಿ ತೆಗೆದಿಟ್ಟಿದ್ದರೆ? ಕೈ ಗಟ್ಟಿಯಾಗಿ ಹಿಡಿದಿತ್ತಾ, ಅಥವಾ ಪೊಟ್ಟಣ ಬೀಳದಿರಲಿ ಎಂದು ಹಿಡಿದದ್ದಾ? ಬೆಳ್ಳಪ್ಪ ಮನಸ್ಸಲ್ಲಿ ಇರದಿದ್ದರೆ ಇಷ್ಟೆಲ್ಲ ಕಾಣುತ್ತಿತ್ತಾ? ಚಾಪುಡಿ ಹಿಡಿಸುವಾಗಲೂ ತನ್ನ ಮಾತು ತನಗೆ ಎಷ್ಟು ನಿಜ ಅನಿಸಿತ್ತು! ಯಾರ್ಯಾರನ್ನೋ ಬಡಿದು ಬಡಿದು ನೋಡಿದ ಕೆರಿಯಮ್ಮನಿಗೆ ಅವತ್ತು ತನ್ನ ಕಣ್ಣುಗಳ ಮೇಲೆಯೇ ನಂಬಿಕೆ ಬರಲಿಲ್ಲ. ಹುಡುಗಿ ಕಾಯುತ್ತಿದ್ದಳು.

“ನಂಗೆ ಗೊತ್ತಾಗ್ತಿಲ್ಲ ಮಗಾ” ಅಂದಳು ಕೆರಿಯಮ್ಮ. “ನಿಮ್ಮವ್ವ ಹೇಳ್ದಂಗೆ ಮಾಡು.”

ಸರೋಜ ಹಾಗೆಯೇ ಮಾಡಿದಳು.